ಎದೆಹಾಲಿಗೂ ಬಣ್ಣದ ಭೇದವೇ?



ಆಗಸ್ಟ್ ತಿಂಗಳ ಮೊದಲ ವಾರ ಜಗತ್ತಿನಾದ್ಯಂತ ಸ್ತನ್ಯಪಾನ ಸಪ್ತಾಹ. ಆಸ್ಪತ್ರೆಯ ಗೋಡೆಗಳ ಮೇಲೆ, ಅಂಗನವಾಡಿಯ ಬಾಗಿಲಲ್ಲಿ ತಾಯಿ-ಮಗುವಿನ ಚಿತ್ರವಿರುವ ಭಿತ್ತಿಪತ್ರಗಳನ್ನು ನೀವು ನೋಡಿರುತ್ತೀರಿ; ನೋಡಿ ಮುಂದಕ್ಕೆ ನಡೆದಿರುತ್ತೀರಿ. ಇಪ್ಪತ್ತರ ಹರೆಯದವರನ್ನು ನಿಲ್ಲಿಸಿ ಓದಿಸುವ ವಿಷಯ ಅದಲ್ಲ, ಒಪ್ಪಿದೆ. ಆದರೆ ಅಮೆರಿಕದಲ್ಲಿ ಅದೇ ತಿಂಗಳ ಕೊನೆಗೆ, 25ರಿಂದ 31ರವರೆಗೆ, ಇನ್ನೊಂದು ಸಪ್ತಾಹ ನಡೆಯುತ್ತದೆ. ಅದು ಕಪ್ಪು ಜನರ ಸ್ತನ್ಯಪಾನ ಸಪ್ತಾಹ. 2013ರಲ್ಲಿ ಕಿಂಬರ್ಲಿ ಸೀಲ್ಸ್ ಆಲರ್ಸ್, ಕಿಡಾಡಾ ಗ್ರೀನ್, ಅನಾಯಾ ಸಂಗೊಡೆಲೆ-ಅಯೋಕಾ ಎಂಬ ಮೂವರು ಕಪ್ಪು ಮಹಿಳೆಯರು ಸೇರಿ ಇದನ್ನು ಆರಂಭಿಸಿದರು. ತಾಯಿಯ ಹಾಲು ಎಲ್ಲರಿಗೂ ಒಂದೇ ಅಲ್ಲವೇ, ಅದಕ್ಕೂ ಬಣ್ಣಕ್ಕೊಂದು ವಾರ ಬೇಕೇ ಎಂದು ಕೇಳಿದವರು ಆಗಲೂ ಇದ್ದರು, ಈಗಲೂ ಇದ್ದಾರೆ.

ನೀವೂ ಕೇಳಬಹುದು. ಅದರ ಜೊತೆಗೆ, ಅಮೆರಿಕದ ತಾಯಂದಿರ ಕಥೆ ಮುಂಬಯಿಯ ಕನ್ನಡದ ಮಕ್ಕಳಾದ ನಮಗೇಕೆ ಎಂದೂ ಕೇಳಬಹುದು. ನಮ್ಮ ಸಂಘದ ಸದಸ್ಯರಲ್ಲಿ ನ್ಯೂಜೆರ್ಸಿಯಲ್ಲೋ ಟೆಕ್ಸಾಸಿನಲ್ಲೋ ಒಬ್ಬ ಅಣ್ಣ, ಒಬ್ಬಳು ಅಕ್ಕ ಇಲ್ಲದ ಮನೆ ಹುಡುಕಿದರೂ ಸಿಗುವುದು ಕಷ್ಟ. ನಿಮ್ಮಲ್ಲೂ ಕೆಲವರು ನಾಳೆ ಅಲ್ಲಿಗೆ ಹೋಗುವವರೇ. ರಜೆಗೆ ಬಂದವರು ಊಟದ ಹೊತ್ತಿನಲ್ಲಿ ಅಲ್ಲಿನ ಕಪ್ಪು ಜನರ ಬಗ್ಗೆ ಆಡುವ ಮಾತುಗಳನ್ನು ನೀವೂ ಕೇಳಿರಬಹುದು. ಓದಿನ ವಿಷಯವಿರಲಿ, ಆರೋಗ್ಯದ ವಿಷಯವಿರಲಿ, ಕೊನೆಗೆ ಎಲ್ಲಕ್ಕೂ ಒಂದೇ ತೀರ್ಪು: "ಅವರೇ ಹಾಗೆ." ಈ ಎರಡು ಶಬ್ದಗಳು ಎಷ್ಟು ಸುಳ್ಳು ಎಂಬುದನ್ನು ಎದೆಹಾಲಿನ ವಿಷಯದಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಕಂಡಿಲ್ಲ. (ನಮ್ಮ ಹಳೆಯ ಪುಸ್ತಕಗಳಲ್ಲಿ 'ನೀಗ್ರೋ' ಎಂಬ ಶಬ್ದ ಧಾರಾಳವಾಗಿ ಸಿಗುತ್ತದೆ. ಅದನ್ನು ಅಲ್ಲಿಯೇ ಬಿಟ್ಟುಬಿಡಿ. ಅವರು ತಮ್ಮನ್ನು ಕರೆದುಕೊಳ್ಳುವುದು ಕಪ್ಪು ಜನ ಎಂದು. ನಾವೂ ಹಾಗೆಯೇ ಕರೆಯೋಣ.)

ಮೊದಲು ಅಂಕಿಗಳನ್ನು ಬೇಗನೆ ನೋಡಿಬಿಡೋಣ. ಈಚಿನ ವರ್ಷಗಳ ಸರಕಾರಿ ಲೆಕ್ಕದ ಪ್ರಕಾರ ಅಮೆರಿಕದಲ್ಲಿ ಹುಟ್ಟುವ ನೂರು ಬಿಳಿಯ ಮಕ್ಕಳಲ್ಲಿ ಸುಮಾರು 85 ಮಕ್ಕಳಿಗೆ ಒಮ್ಮೆಯಾದರೂ ತಾಯಿಯ ಹಾಲು ಸಿಗುತ್ತದೆ. ಕಪ್ಪು ಮಕ್ಕಳಲ್ಲಿ ಈ ಸಂಖ್ಯೆ ಸುಮಾರು 75. ಹತ್ತರ ಅಂತರ ದೊಡ್ಡದಲ್ಲ ಎನಿಸೀತು. ಆದರೆ ಇದರ ಪಕ್ಕದಲ್ಲಿ ಬೇರೆರಡು ಅಂಕಿಗಳನ್ನು ಇಟ್ಟು ನೋಡಿ. 2022ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡವರು ಬಿಳಿಯರಲ್ಲಿ 4.5, ಕಪ್ಪು ಜನರಲ್ಲಿ 10.9. 2023ರಲ್ಲಿ ಒಂದು ಲಕ್ಷ ಹೆರಿಗೆಗಳಿಗೆ ಸತ್ತ ತಾಯಂದಿರು ಬಿಳಿಯರಲ್ಲಿ 14.5, ಕಪ್ಪು ಜನರಲ್ಲಿ 50.3. ಎದೆಹಾಲು ಕುಡಿದ ಮಗುವಿಗೆ ಭೇದಿ, ಕಿವಿಯ ಸೋಂಕು ಕಡಿಮೆ. ನಿದ್ದೆಯಲ್ಲೇ ಹಠಾತ್ತನೆ ಸಾಯುವ ಅಪಾಯ ಕಡಿಮೆ. ದಿನ ತುಂಬದೆ ಹುಟ್ಟಿದ ಕೂಸಿನ ಕರುಳಿಗಂತೂ ಅದು ಔಷಧವೇ ಸರಿ. ಹಾಲೂಡಿಸಿದ ತಾಯಿಗೆ ಸ್ತನದ ಮತ್ತು ಅಂಡಾಶಯದ ಕ್ಯಾನ್ಸರಿನ ಭಯ ಕಡಿಮೆಯಾಗುತ್ತದೆ. ಈ ರಕ್ಷಣೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತಿದೆ.

ಯಾಕೆ? ಅವರಿಗೆ ಇಷ್ಟವಿಲ್ಲವೇ, ತಿಳಿವಳಿಕೆಯಿಲ್ಲವೇ? ಉತ್ತರಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಾಲು ಯಾರದು, ಮಗು ಯಾರದು

1858ರ ಅಕ್ಟೋಬರ್. ಇಂಡಿಯಾನಾ ರಾಜ್ಯದ ಸಿಲ್ವರ್ ಲೇಕ್ ಎಂಬ ಊರಿನಲ್ಲಿ ಗುಲಾಮಗಿರಿಯ ವಿರುದ್ಧ ಒಂದು ಸಭೆ. ಭಾಷಣಕ್ಕೆ ನಿಂತವಳು ಸೋಜರ್ನರ್ ಟ್ರುತ್. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಳಾಗಿ ಹುಟ್ಟಿ, 1826ರಲ್ಲಿ ಒಡೆಯನ ಮನೆ ಬಿಟ್ಟು ಹೊರನಡೆದು, ಊರೂರು ತಿರುಗಿ ಮಾತಾಡುತ್ತಿದ್ದ ಹೆಂಗಸು. ಎತ್ತರದ ಆಳು, ಗಡಸು ದನಿ. ಸಭೆಯನ್ನು ಕೆಡಿಸಲು ಬಂದಿದ್ದ ಗುಲಾಮಗಿರಿಯ ಪಕ್ಷದವರು ಎದ್ದುನಿಂತು, ಇವಳು ಹೆಂಗಸೇ ಅಲ್ಲ, ವೇಷ ಹಾಕಿದ ಗಂಡಸು. ಅಲ್ಲವೆಂದಾದರೆ ಇಲ್ಲಿರುವ ಮಹಿಳೆಯರಿಗೆ ತನ್ನ ಎದೆಯನ್ನು ತೋರಿಸಲಿ ಎಂದು ಪಟ್ಟು ಹಿಡಿದರು. ಸೋಜರ್ನರ್ ಏನು ಮಾಡಿದಳು ಗೊತ್ತೇ? ಈ ಎದೆ ಎಷ್ಟೋ ಬಿಳಿಯ ಕೂಸುಗಳಿಗೆ ಹಾಲೂಡಿಸಿದೆ, ತನ್ನ ಸ್ವಂತ ಮಕ್ಕಳಿಗೆ ತಪ್ಪಿಸಿ ಊಡಿಸಿದೆ, ಆ ಕೂಸುಗಳು ಬೆಳೆದು ನಿಮಗಿಂತ ದೊಡ್ಡ ಗಂಡಸರಾಗಿದ್ದಾರೆ ಎಂದು ಹೇಳಿದಳು. ಮಹಿಳೆಯರಿಗೇಕೆ, ಇಡೀ ಸಭೆಗೇ ತೋರಿಸುತ್ತೇನೆ, ಇದರ ನಾಚಿಕೆ ನನಗಲ್ಲ ನಿಮಗೆ ಎಂದು ರವಿಕೆ ಸರಿಸಿದಳು. ನಿಮಗೂ ಕುಡಿಯಬೇಕೇ ಎಂದು ಕೇಳಿದಳು.

ಆ ದೇಶದ ಚರಿತ್ರೆಯಲ್ಲಿ ಕಪ್ಪು ತಾಯಿಯ ಹಾಲಿನ ಸ್ಥಿತಿ ಏನಾಗಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ದಕ್ಷಿಣದ ಹತ್ತಿಯ ಸೀಮೆಯಲ್ಲಿ ಹೆತ್ತ ಕೆಲವೇ ವಾರಗಳಲ್ಲಿ ಹೆಂಗಸರನ್ನು ಹೊಲಕ್ಕೆ ಅಟ್ಟುತ್ತಿದ್ದರು. ಕೂಸುಗಳು ಕೈಲಾಗದ ಮುದುಕಿಯರ ಬಳಿ ಗಂಜಿ ಕುಡಿದು ಮಲಗಬೇಕಿತ್ತು. ಒಡತಿ ಹೆತ್ತರೆ ಆ ಮಗುವಿಗೆ ಹಾಲು ಕೊಡಲು ಗುಲಾಮ ಬಾಣಂತಿಯನ್ನು ಒಳಮನೆಗೆ ಕರೆಸುತ್ತಿದ್ದರು. ಮೊಲೆಯೂಡಿಸುವ ಹೆಂಗಸು ಬಾಡಿಗೆಗೆ ಇದ್ದಾಳೆ, ಮಾರಾಟಕ್ಕೆ ಇದ್ದಾಳೆ ಎಂದು ಪತ್ರಿಕೆಗಳಲ್ಲಿ ಜಾಹೀರಾತು ಬರುತ್ತಿತ್ತು. ನೊಬೆಲ್ ಪಾರಿತೋಷಕ ಪಡೆದ ಟೋನಿ ಮಾರಿಸನ್ ಅವರ 'ಬಿಲವೆಡ್' ಕಾದಂಬರಿಯನ್ನು ನಿಮ್ಮಲ್ಲಿ ಇಂಗ್ಲಿಷ್ ಸಾಹಿತ್ಯ ಓದುವವರು ಪಠ್ಯವಾಗಿ ಓದಿರಬಹುದು. 1987ರಲ್ಲಿ ಬಂದ ಆ ಪುಸ್ತಕದ ನಾಯಕಿ ಸೇತೆ ಬೆನ್ನಿನ ಮೇಲೆ ಬಿದ್ದ ಚಾವಟಿಯ ಏಟಿಗಿಂತ ಹೆಚ್ಚಾಗಿ ನೆನೆದು ನೆನೆದು ಕುದಿಯುವುದು ತನ್ನ ಹಾಲನ್ನು ಕಸಿದುಕೊಂಡದ್ದಕ್ಕೆ. ಪರೀಕ್ಷೆಗಾಗಿ ಓದಿದ್ದರೆ ಆ ಪುಟಗಳನ್ನು ಇನ್ನೊಮ್ಮೆ ಓದಿ.

ಹಾಲೂಡಿಸುವುದೆಂದರೆ ಊಳಿಗ ಎಂಬ ನೆನಪು ಕೆಲವು ಮನೆತನಗಳಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ಇಳಿದು ಬಂತು. ಅಂಥ ಮನೆಯ ಹಿರಿಯಳಿಗೆ ಬಾಟಲಿಯೇ ಬಿಡುಗಡೆಯ ಗುರುತಾಗಿ ಕಂಡರೆ ಅದರಲ್ಲಿ ಆಶ್ಚರ್ಯವಿಲ್ಲ.

ಗುಲಾಮಗಿರಿ ಹೋದ ಮೇಲೆ ಹಳ್ಳಿಗಾಡಿನಲ್ಲಿ ಈ ತಾಯಂದಿರ ಕೈಹಿಡಿದವರು ಅವರದೇ ಸೂಲಗಿತ್ತಿಯರು. ಸೂಲಗಿತ್ತಿ ಎಂಬ ಶಬ್ದ ನಿಮ್ಮಲ್ಲಿ ಹಲವರಿಗೆ ಹೊಸದಿರಬಹುದು: ಹೆರಿಗೆ ಮಾಡಿಸುವ ಅನುಭವಸ್ಥ ಹೆಂಗಸು. ಪಾವಗಡದ ಕಡೆಯ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಅವರ ಹೆಸರಿನ ಹಿಂದೆಯೇ ಆ ಶಬ್ದವಿತ್ತು. ಅಮೆರಿಕದ ದಕ್ಷಿಣದಲ್ಲಿ ಅಂಥವರನ್ನು 'ಗ್ರ್ಯಾನಿ' ಎನ್ನುತ್ತಿದ್ದರು, ಅಂದರೆ ಅಜ್ಜಿ. ಹೆರಿಗೆಯಾದ ಮೇಲೂ ಬಂದು ಕೂತು ಮಗುವನ್ನು ಎದೆಗೆ ಹಚ್ಚಲು ಕಲಿಸುವವರು ಅವರೇ ಆಗಿದ್ದರು. ಆಸ್ಪತ್ರೆಯ ವೈದ್ಯ ಬೆಳೆದಂತೆ ಕಾನೂನುಗಳು ಅವರನ್ನು ಒಂದೊಂದಾಗಿ ಹೊರಗಟ್ಟಿದವು. ಅಲಬಾಮಾ ರಾಜ್ಯ 1976ರಲ್ಲಿ ಬಾಗಿಲು ಹಾಕಿತು. ಅಜ್ಜಿಯರು ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ.

ರೀಡ್ಸ್‌ವಿಲ್‌ನ ನಾಲ್ಕು ಮೇರಿಯರು

ಖಾಲಿಯಾದ ಜಾಗಕ್ಕೆ ಬಂದದ್ದು ಡಬ್ಬಿ. ಈ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1946ರ ಮೇ 23ರಂದು ಉತ್ತರ ಕ್ಯಾರೊಲಿನಾದ ರೀಡ್ಸ್‌ವಿಲ್ ಎಂಬ ಸಣ್ಣ ಪಟ್ಟಣದ ಆಸ್ಪತ್ರೆಯಲ್ಲಿ ಆನಿ ಮೇ ಫುಲ್ಟ್ಜ್ ಎಂಬಾಕೆ ಏಕಕಾಲಕ್ಕೆ ನಾಲ್ಕು ಹೆಣ್ಣು ಮಕ್ಕಳನ್ನು ಹೆತ್ತಳು. ಹೆರಿಗೆಯಾದದ್ದು ನೆಲಮಾಳಿಗೆಯಲ್ಲಿ, ಏಕೆಂದರೆ ಕಪ್ಪು ರೋಗಿಗಳಿಗೆ ಇದ್ದದ್ದು ಅದೇ ಜಾಗ. ತಾಯಿಗೆ ಬಾಲ್ಯದ ಕಾಯಿಲೆಯಿಂದ ಕಿವಿ ಕೇಳಿಸದು, ಮಾತು ಬಾರದು. ತಂದೆ ಪೀಟ್, ಪಾಲಿಗೆ ಉಳುವ ಬಡ ರೈತ. ಮನೆಯಲ್ಲಿ ಆಗಲೇ ಆರು ಮಕ್ಕಳು. ಒಂದೇ ರೂಪದ ನಾಲ್ವರು ಕಪ್ಪು ಮಕ್ಕಳು ಹುಟ್ಟಿ ಬದುಕಿದ್ದು ದಾಖಲೆಯಲ್ಲಿ ಅದೇ ಮೊದಲು.

ಹೆರಿಗೆ ಮಾಡಿಸಿದ ಬಿಳಿಯ ವೈದ್ಯ ಫ್ರೆಡ್ ಕ್ಲೆನ್ನರ್ ಮೊದಲು ಮಾಡಿದ ಕೆಲಸವೆಂದರೆ ಮಕ್ಕಳಿಗೆ ಹೆಸರಿಟ್ಟದ್ದು: ಮೇರಿ ಆನ್, ಮೇರಿ ಲೂಯಿಸ್, ಮೇರಿ ಆಲಿಸ್, ಮೇರಿ ಕ್ಯಾಥರೀನ್. ತಂದೆತಾಯಿ ಆರಿಸಿದ ಹೆಸರುಗಳಲ್ಲ ಇವು. ತನ್ನ ಬಂಧುಬಳಗದ ಹೆಂಗಸರ ಹೆಸರುಗಳು! ನಾಮಕರಣದ ದಿನ ಸೋದರತ್ತೆ ಬಂದು ಕಿವಿಯಲ್ಲಿ ಹೆಸರು ಉಸುರುವ ನಮ್ಮ ಮನೆಗಳಲ್ಲಿ ಹೊರಗಿನವರೊಬ್ಬರು ಬಂದು ಹೀಗೆ ಮಾಡಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಆಮೇಲೆ ಆತ ಹಾಲಿನ ಕಂಪನಿಗಳ ಜೊತೆ ಮಾತುಕತೆಗೆ ಇಳಿದ. 'ಪೆಟ್ ಮಿಲ್ಕ್' ಎಂಬ ಡಬ್ಬಿಹಾಲಿನ ಕಂಪನಿಯೊಂದಿಗೆ ಒಪ್ಪಂದವಾಯಿತು. ಅವರು ಕುಟುಂಬಕ್ಕೆ ಜಮೀನು, ಮನೆ, ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ನರ್ಸ್, ಔಷಧೋಪಚಾರದ ಖರ್ಚು ಕೊಡುತ್ತಾರೆ. ಪ್ರತಿಯಾಗಿ ಮಕ್ಕಳ ಚಿತ್ರ ಕಂಪನಿಯ ಜಾಹೀರಾತಿಗೆ. ಗಾಜಿನ ಆಚೆಯಿಂದ ಮಕ್ಕಳನ್ನು ನೋಡಲು ದೂರದೂರದಿಂದ ಜನ ಬಂದರು. ಕಪ್ಪು ಜನರು ಹೆಮ್ಮೆಯಿಂದ ಓದುತ್ತಿದ್ದ 'ಎಬೊನಿ' ಪತ್ರಿಕೆಯಲ್ಲಿ ನಾಲ್ಕು ಮುದ್ದು ಹುಡುಗಿಯರು ನಗುತ್ತಾ ನಿಂತರು. ಅಲ್ಲಿಯವರೆಗೆ ಜಾಹೀರಾತುಗಳಲ್ಲಿ ಕಪ್ಪು ಮಗುವನ್ನು ಮುದ್ದಾಗಿ ತೋರಿಸಿದ್ದೇ ಅಪರೂಪ. ನೋಡಿದ ತಾಯಂದಿರಿಗೆ ಹೆಮ್ಮೆಯೆನಿಸಿತು, ಕಂಪನಿಗೆ ಹೊಸ ಗಿರಾಕಿಗಳು ಸಿಕ್ಕರು.

ಹುಡುಗಿಯರಿಗೆ ಏನು ಸಿಕ್ಕಿತು? ಮೆರವಣಿಗೆಗಳು, ಫೋಟೋಗಳು, ಸ್ವಲ್ಪ ಹಣ. ತಂದೆತಾಯಿಯರ ಮನೆಯಲ್ಲಿ ಬೆಳೆಯುವ ಭಾಗ್ಯವೂ ಪೂರ್ತಿ ಸಿಗಲಿಲ್ಲ. ನೋಡಿಕೊಳ್ಳಲು ಬಂದ ನರ್ಸ್ ಮತ್ತು ಅವಳ ಗಂಡನ ಮನೆಗೆ ಹೋದರು. ಮುಂದೆ ನಾಲ್ವರಿಗೂ ಸ್ತನದ ಕ್ಯಾನ್ಸರ್ ಬಂತು. ಮೂವರು 55 ದಾಟಲಿಲ್ಲ. ಕೊನೆಯವಳಾದ ಕ್ಯಾಥರೀನ್ 2018ರಲ್ಲಿ ತೀರಿಕೊಂಡಳು. ಡಬ್ಬಿಹಾಲಿನಿಂದಲೇ ಹೀಗಾಯಿತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಯಾರಿಗೂ ಬರುವುದಿಲ್ಲ. ಆಂಡ್ರಿಯಾ ಫ್ರೀಮನ್ ಎಂಬ ಕಾನೂನಿನ ಪ್ರಾಧ್ಯಾಪಕಿ 2019ರಲ್ಲಿ 'ಸ್ಕಿಮ್ಡ್' ಎಂಬ ಪುಸ್ತಕದಲ್ಲಿ ಈ ಸೋದರಿಯರ ಕಥೆಯನ್ನು ಹಿಡಿದುಕೊಂಡು ಅಮೆರಿಕದ ಕಾನೂನು, ಸರಕಾರ, ಕಂಪನಿಗಳು ಕಪ್ಪು ತಾಯಂದಿರನ್ನು ಬಾಟಲಿಯ ಕಡೆಗೆ ಹೇಗೆ ದೂಡಿದವು ಎಂದು ತೋರಿಸಿದ್ದಾರೆ.

ಹಾಗೆಂದು ಬಿಳಿಯರು ಬಾಟಲಿಗೆ ಮರುಳಾಗಲಿಲ್ಲವೆಂದಲ್ಲ. 1970ರ ಸುಮಾರಿಗೆ ಇಡೀ ಅಮೆರಿಕದಲ್ಲಿ ನಾಲ್ಕು ಮಕ್ಕಳಲ್ಲಿ ಒಂದಕ್ಕೆ ಮಾತ್ರ ತಾಯಿಯ ಹಾಲು ಸಿಗುತ್ತಿತ್ತು. ಆಮೇಲೆ ಓದಿದ, ಅನುಕೂಲಸ್ಥ ಬಿಳಿಯ ಹೆಂಗಸರು ಮತ್ತೆ ಎದೆಹಾಲಿಗೆ ಮರಳಿದರು. ಅವರಿಗೆ 1956ರಲ್ಲಿ ಏಳು ಗೃಹಿಣಿಯರು ಕಟ್ಟಿದ 'ಲಾ ಲೆಚೆ ಲೀಗ್'ನಂಥ ಸಂಘವಿತ್ತು, ಮನೆಯಲ್ಲಿ ಕೂರುವ ಅನುಕೂಲವಿತ್ತು. ಕಪ್ಪು ತಾಯಿ ಕೆಲಸಕ್ಕೆ ಹೋಗಬೇಕಿತ್ತು. ಬಡ ತಾಯಂದಿರಿಗಾಗಿ ಸರಕಾರ 1970ರ ದಶಕದಲ್ಲಿ ಆರಂಭಿಸಿದ 'ವಿಕ್' ಎಂಬ ಆಹಾರ ಯೋಜನೆ ಒಳ್ಳೆಯ ಉದ್ದೇಶದಿಂದಲೇ ಶಿಶುಗಳ ಪುಡಿಹಾಲನ್ನು ಪುಕ್ಕಟೆ ಕೊಟ್ಟಿತು. ಇಂದು ಆ ದೇಶದಲ್ಲಿ ಖರ್ಚಾಗುವ ಪುಡಿಹಾಲಿನ ಅರ್ಧಕ್ಕಿಂತ ಹೆಚ್ಚು ಪಾಲು ಈ ಯೋಜನೆಯ ಮೂಲಕವೇ ಹೋಗುತ್ತದೆ. ಡಬ್ಬಿ ಧಾರಾಳವಾಗಿ ಸಿಕ್ಕಿತು, ಹಾಲೂಡಿಸಲು ಕಲಿಸುವವರು ಮಾತ್ರ ಸಿಗಲಿಲ್ಲ.

ಇಲ್ಲಿ ನಮ್ಮ ದೇಶದ ಬಗ್ಗೆ ಒಂದು ಹೆಮ್ಮೆಯ ಮಾತು ಹೇಳಬಹುದು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಡಬ್ಬಿಹಾಲಿನ ಪ್ರಚಾರಕ್ಕೆ ಕಡಿವಾಣ ಹಾಕುವ ಸಂಹಿತೆ ಮತಕ್ಕೆ ಬಂದಾಗ 118 ದೇಶಗಳು ಪರವಾಗಿ ಕೈಯೆತ್ತಿದವು, ವಿರುದ್ಧವಾಗಿ ಒಂದೇ ಒಂದು. ಆ ಒಂದು ಅಮೆರಿಕ. ಭಾರತ 1992ರಲ್ಲಿ ಕಾನೂನನ್ನೇ ಮಾಡಿ, ಶಿಶುಗಳ ಪುಡಿಹಾಲಿನ ಮತ್ತು ಬಾಟಲಿಯ ಜಾಹೀರಾತನ್ನು ನಿಷೇಧಿಸಿತು. ನಿಮ್ಮ ಟಿ.ವಿ.ಯಲ್ಲಿ ಸೋಪು, ಡಯಾಪರ್ ಎಲ್ಲದರ ಜಾಹೀರಾತು ಬಂದರೂ ಅದೊಂದು ಬಾರದಿರುವುದು ಇದಕ್ಕಾಗಿಯೇ.

ಮೊದಲ ಒಂದು ಗಂಟೆ

ಚರಿತ್ರೆ ಹಳೆಯದಾಯಿತು, ಈಗಿನ ಮಾತೇನು ಎನ್ನುವಿರಾ? ಆಸ್ಪತ್ರೆಗೆ ಬನ್ನಿ.

ಹೆರಿಗೆಯಾದ ಕೂಡಲೇ ಕೂಸನ್ನು ತಾಯಿಯ ಬರಿ ಎದೆಯ ಮೇಲೆ ಮಲಗಿಸಬೇಕು, ಒಂದು ಗಂಟೆಯೊಳಗೆ ಮೊಲೆಗೆ ಹಚ್ಚಬೇಕು, ತಾಯಿ-ಮಗು ಒಂದೇ ಕೋಣೆಯಲ್ಲಿರಬೇಕು, ವೈದ್ಯಕೀಯ ಕಾರಣವಿಲ್ಲದೆ ಬಾಟಲಿ ಕೊಡಬಾರದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಹೇಳಿದ ಹತ್ತು ಹೆಜ್ಜೆಗಳ ಮುಖ್ಯ ಸಾರ ಇದು. ಹಾಲು ಇಳಿಯುವುದು ಮಗು ಚೀಪಿದಷ್ಟೂ. ಮೊದಲೆರಡು ದಿನ ಬಾಟಲಿಯಿಂದ ಹೊಟ್ಟೆ ತುಂಬಿದ ಮಗು ಚೀಪುವುದಿಲ್ಲ, ಚೀಪದಿದ್ದರೆ ಹಾಲು ಇಳಿಯುವುದಿಲ್ಲ, ಆಮೇಲೆ "ನಿನಗೆ ಹಾಲು ಸಾಲದು" ಎಂಬ ಮಾತು ಬರುತ್ತದೆ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನ್ನ ದೇಶದ ಹೆರಿಗೆ ಆಸ್ಪತ್ರೆಗಳ 2011ರ ಮಾಹಿತಿಯನ್ನು ಜಾಲಾಡಿ 2014ರಲ್ಲಿ ಒಂದು ವರದಿ ಪ್ರಕಟಿಸಿತು. ಕಪ್ಪು ಜನರು ದೇಶದ ಸರಾಸರಿಗಿಂತ ಹೆಚ್ಚು ಇರುವ ಬಡಾವಣೆಗಳ ಆಸ್ಪತ್ರೆಗಳನ್ನೂ ಉಳಿದವನ್ನೂ ಹೋಲಿಸಿತು. ಬೇಗನೆ ಮೊಲೆಗೆ ಹಚ್ಚುವ ಕ್ರಮ ಪಾಲಿಸುತ್ತಿದ್ದ ಆಸ್ಪತ್ರೆಗಳು ಉಳಿದ ಕಡೆ ಶೇಕಡಾ 59.9, ಕಪ್ಪು ಬಡಾವಣೆಗಳಲ್ಲಿ 46. ತಾಯಿ-ಮಗುವನ್ನು ಒಟ್ಟಿಗೆ ಇಡುತ್ತಿದ್ದವು 39.4, ಇಲ್ಲಿ 27.7. ಅನಗತ್ಯ ಬಾಟಲಿಗೆ ಕಡಿವಾಣ ಹಾಕಿದ್ದವು 25.8, ಇಲ್ಲಿ ಬರಿ 13.1. ಇವು ತಾಯಂದಿರ ಮನಸ್ಸಿನ ಲೆಕ್ಕವಲ್ಲ, ಕಟ್ಟಡಗಳ ಲೆಕ್ಕ, ಡ್ಯೂಟಿಯ ಮೇಲಿರುವವರ ಅಭ್ಯಾಸದ ಲೆಕ್ಕ ಎಂಬುದನ್ನು ಗಮನಿಸಿ. ಯಾವ ಬಡಾವಣೆಯಲ್ಲಿ ಹೆತ್ತೆ ಎಂಬುದರ ಮೇಲೆ ಮಗುವಿನ ಮೊದಲ ಗುಟುಕು ನಿರ್ಧಾರವಾಗುತ್ತಿತ್ತು.

ಹೇಳಿದ್ದನ್ನು ಕಿವಿಗೆ ಹಾಕಿಕೊಳ್ಳದಿರುವುದು ಇನ್ನೊಂದು ತೊಂದರೆ. ಟೆನಿಸ್ ತಾರೆ ಸೆರೆನಾ ವಿಲಿಯಮ್ಸ್ ಗೊತ್ತಲ್ಲ? 2017ರಲ್ಲಿ ಮಗಳು ಹುಟ್ಟಿದ ಮರುದಿನ ಉಸಿರು ಕಟ್ಟತೊಡಗಿದಾಗ, ಹಿಂದೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ ಅನುಭವವಿದ್ದ ಆಕೆ, ತನಗೆ ಯಾವ ಪರೀಕ್ಷೆ, ಯಾವ ಔಷಧಿ ಬೇಕೆಂದು ತಾನೇ ಹೇಳಿದರು. ಮೊದಲಿಗೆ ಯಾರೂ ನೆಚ್ಚಲಿಲ್ಲ. ಪಟ್ಟು ಹಿಡಿದು ಮಾಡಿಸಿಕೊಂಡ ಮೇಲೆ ಆಕೆ ಹೇಳಿದ್ದೇ ನಿಜವಾಗಿತ್ತು. ಜಗತ್ತಿಗೆಲ್ಲ ಗೊತ್ತಿರುವ ಹೆಂಗಸಿನ ಪಾಡು ಇದಾದರೆ, ಗಂಟೆಗಿಷ್ಟು ಎಂಬ ಕೂಲಿಗೆ ದುಡಿಯುವ ಇಪ್ಪತ್ತೆರಡರ ಬಾಣಂತಿ "ಎದೆ ನೋಯುತ್ತಿದೆ" ಎಂದರೆ ಕೇಳುವವರು ಯಾರು?

ಕೇಳಿದರೂ ಕಾಣುವುದಿಲ್ಲ. ಇದು ನಮಗೂ ನೇರವಾಗಿ ಸಂಬಂಧಿಸಿದ ಮಾತು. ಹಾಲು ಕಟ್ಟಿ ಸ್ತನದಲ್ಲಿ ಬಾವು ಬಂದರೆ ಚರ್ಮ ಕೆಂಪಾಗುತ್ತದೆ ಎಂದು ವೈದ್ಯಕೀಯ ಪುಸ್ತಕ ಹೇಳುತ್ತದೆ, ಪಕ್ಕದಲ್ಲೇ ಚಿತ್ರವೂ ಇರುತ್ತದೆ. ಚಿತ್ರ ಬಿಳಿಯ ಚರ್ಮದ್ದು. ಕಪ್ಪು ಚರ್ಮದ ಮೇಲೆ ಆ ಕೆಂಪು ಹಾಗೆ ಎದ್ದು ಕಾಣದು; ನೇರಳೆಯಾಗಿಯೋ, ಸುತ್ತಲಿನ ಬಣ್ಣಕ್ಕಿಂತ ಇನ್ನಷ್ಟು ಕಪ್ಪಾಗಿಯೋ ಕಾಣಬಹುದು. ನಮ್ಮ ಎಣ್ಣೆಗಪ್ಪು ಮೈಬಣ್ಣದ ಮೇಲೂ ಅಷ್ಟೇ. ನೆಕಿಶಾ ಕಿಲಿಂಗ್ಸ್ ಎಂಬ ಕಪ್ಪು ಸ್ತನ್ಯಪಾನ ಸಲಹೆಗಾರ್ತಿ ಇದಕ್ಕಾಗಿಯೇ ಬಣ್ಣದ ಚರ್ಮದ ಚಿತ್ರಗಳನ್ನು ಸೇರಿಸಿ ಒಂದು ಚಿತ್ರಕೋಶವನ್ನು ಸಿದ್ಧಪಡಿಸಿದ್ದಾರೆ. ನಿಮ್ಮಲ್ಲಿ ಎಂ.ಬಿ.ಬಿ.ಎಸ್., ನರ್ಸಿಂಗ್ ಓದುತ್ತಿರುವವರು ತಮ್ಮ ಪಠ್ಯಪುಸ್ತಕದ ಚಿತ್ರಗಳನ್ನು ಈ ಕಣ್ಣಿನಿಂದ ಒಮ್ಮೆ ತಿರುವಿ ನೋಡಿ.

ಆಸ್ಪತ್ರೆ ಬಿಟ್ಟ ಮೇಲೆ ಕೆಲಸ. ನಮ್ಮಲ್ಲಿ 2017ರ ತಿದ್ದುಪಡಿಯ ಪ್ರಕಾರ ಸಂಘಟಿತ ವಲಯದ ಹೆಂಗಸಿಗೆ 26 ವಾರಗಳ ಸಂಬಳ ಸಹಿತ ಹೆರಿಗೆ ರಜೆ ಇದೆ. (ಮನೆಗೆಲಸಕ್ಕೆ ಬರುವ ಬಾಯಿಗೆ ಇಲ್ಲ, ಅದು ಬೇರೆ ಲೇಖನದ ವಿಷಯ.) ಅಷ್ಟು ಶ್ರೀಮಂತ ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಸಂಬಳದ ಹೆರಿಗೆ ರಜೆ ಇಲ್ಲವೇ ಇಲ್ಲ! 1993ರ ಕಾನೂನು ಕೊಟ್ಟದ್ದು 12 ವಾರಗಳ ಸಂಬಳವಿಲ್ಲದ ರಜೆ, ಅದೂ 50 ಜನರಿಗಿಂತ ಕಡಿಮೆ ಇರುವ ಕಂಪನಿಗೆ ಅನ್ವಯಿಸದು. ಕೆಲವು ರಾಜ್ಯಗಳು ತಾವೇ ವ್ಯವಸ್ಥೆ ಮಾಡಿಕೊಂಡಿವೆ. ಸಂಬಳವಿಲ್ಲದೆ ಕೂರಲಾಗದವರು ಬೇಗ ಹೊರಡುತ್ತಾರೆ. ಕಪ್ಪು ತಾಯಂದಿರಲ್ಲಿ ಅಂಥವರು ಹೆಚ್ಚು. ಕೆಲಸದ ನಡುವೆ ಹಾಲು ಹಿಂಡಿಕೊಳ್ಳಲು ಬಿಡುವು ಮತ್ತು ಮರೆಯಾದ ಜಾಗ ಕೊಡಬೇಕೆಂಬ ನಿಯಮ 2010ರಲ್ಲಿ ಬಂತು, 2022ರ ಕೊನೆಗೆ ಅದನ್ನು ಇನ್ನಷ್ಟು ಮಂದಿಗೆ ವಿಸ್ತರಿಸಿದರು. ಕಾಗದದ ಮೇಲಿನ ಬಿಡುವು ಕೈಗೆ ಬರುವುದು ಮೇಲ್ವಿಚಾರಕನ ಮುಖ ನೋಡಿಕೊಂಡು.

ಬಳಿಯಲ್ಲಿ ಕೂರುವವರು

ಈಗ ಸ್ವಲ್ಪ ನಿಮ್ಮ ಮನೆಯ ಕಡೆ ನೋಡಿ. ನೀವು ಹುಟ್ಟುವ ಮುಂಚೆ ನಿಮ್ಮ ಅಮ್ಮ ಡೊಂಬಿವಿಲಿಯ ಎರಡು ಕೋಣೆಯ ಮನೆಯಿಂದ ಉಡುಪಿಯ ಕಡೆಗೋ ಧಾರವಾಡದ ಕಡೆಗೋ ತವರಿಗೆ ಹೋಗಿರಬಹುದು; ಇಲ್ಲವೇ ಅಜ್ಜಿಯೇ ರೈಲು ಹತ್ತಿ ಇಲ್ಲಿಗೆ ಬಂದಿರಬಹುದು. ಬಾಣಂತನ ಎಂದರೇನೆಂದು ಅಮ್ಮನನ್ನು ಕೇಳಿ. ಎಣ್ಣೆ ನೀರು, ಸಾಂಬ್ರಾಣಿ ಹೊಗೆ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯದ ಗಂಜಿ ಎಂದು ಪಟ್ಟಿ ಹೇಳಿಯಾರು. ಅದಕ್ಕಿಂತ ದೊಡ್ಡದೆಂದರೆ ರಾತ್ರಿ ಎರಡು ಗಂಟೆಗೆ ಮಗು ಕಿರುಚಿದಾಗ ಪಕ್ಕದಲ್ಲಿ ಎದ್ದು ಕೂತು "ಹೀಗೆ ಹಿಡಿ, ತಲೆ ಸ್ವಲ್ಪ ಮೇಲೆ" ಎನ್ನುವ ಒಂದು ಜೀವ. ನಮ್ಮ ಸಂಪ್ರದಾಯದಲ್ಲಿ ಎಲ್ಲವೂ ಸರಿಯಿತ್ತೆಂದಲ್ಲ. ಮೊದಲ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಜೇನು, ಸಕ್ಕರೆ ನೀರು ನೆಕ್ಕಿಸಿದ ಮನೆಗಳು ಬೇಕಾದಷ್ಟು. ಆಸ್ಪತ್ರೆಗಳೂ ಪೂರ್ತಿ ತಿದ್ದಿಕೊಂಡಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಶೇಕಡಾ 88.6 ಹೆರಿಗೆಗಳು ಆಸ್ಪತ್ರೆಗಳಲ್ಲಾದರೂ ಮೊದಲ ಗಂಟೆಯೊಳಗೆ ಎದೆಹಾಲು ಸಿಕ್ಕಿದ್ದು 41.8ರಷ್ಟು ಮಕ್ಕಳಿಗೆ ಮಾತ್ರ. ಆದರೂ ಪಕ್ಕದಲ್ಲಿ ಕೂರುವ ಆ ಒಂದು ಜೀವ ನಮ್ಮಲ್ಲಿ ಹೆಚ್ಚಿನವರಿಗೆ ಇತ್ತು.

ಕಪ್ಪು ಮಹಿಳೆಯರ ಸಂಘಟನೆಗಳು ಮತ್ತೆ ಕಟ್ಟುತ್ತಿರುವುದು ಅದನ್ನೇ. ಕಿಡಾಡಾ ಗ್ರೀನ್ 2007ರಲ್ಲಿ ಡೆಟ್ರಾಯ್ಟ್ ನಗರದಲ್ಲಿ ಕಪ್ಪು ತಾಯಂದಿರ ಸ್ತನ್ಯಪಾನ ಸಂಘವನ್ನು ಆರಂಭಿಸಿದರು. 2011ರಲ್ಲಿ ಅಟ್ಲಾಂಟಾದಲ್ಲಿ ನರ್ಸ್ ಕಿಮರೀ ಬಗ್ ಮತ್ತು ಗೆಳತಿಯರು 'ರೋಸ್' ಎಂಬ ಸಂಸ್ಥೆ ಕಟ್ಟಿದರು. ಅದರ ಹೆಸರಿನ ಅರ್ಥವೇ ಎಲ್ಲೆಡೆಯ ನಮ್ಮ ಅಕ್ಕತಂಗಿಯರನ್ನು ತಲುಪುವುದು. ಗಂಡಂದಿರು, ಅಣ್ಣತಮ್ಮಂದಿರಿಗಾಗಿ 'ರೋಬ್' ಎಂಬ ಇನ್ನೊಂದು ಶಾಖೆಯೂ ಬಂತು. ಹುಡುಗರೇ, ಇದು ಹೆಂಗಸರ ವಿಷಯವೆಂದು ಇಷ್ಟು ಹೊತ್ತು ಪುಟ ತಿರುಗಿಸಲು ಕಾದಿದ್ದರೆ ನಿಲ್ಲಿ. ಮಗುವಿನ ತೇಗು ತೆಗೆಯುವುದು, ಬಟ್ಟೆ ಬದಲಿಸುವುದು, ಬಾಟಲಿ ಕೊಡು ಎಂದು ಪೀಡಿಸುವ ನೆಂಟರನ್ನು ಬಾಗಿಲಲ್ಲೇ ತಡೆಯುವುದು, ಇವಕ್ಕೆಲ್ಲ ಎದೆಹಾಲು ಬೇಕಾಗಿಲ್ಲ.

ಡೆಟ್ರಾಯ್ಟಿನಲ್ಲಿ ನಡೆದ ಒಂದು ಪ್ರಸಂಗ ಹೇಳಲೇಬೇಕು. 2014ರಲ್ಲಿ ಒಂದು ಕಂಪನಿ ಆ ನಗರದ ಕಪ್ಪು ತಾಯಂದಿರಿಂದ ಔನ್ಸಿಗೆ ಒಂದು ಡಾಲರಿನಂತೆ ಎದೆಹಾಲನ್ನು ಕೊಂಡು, ಸಂಸ್ಕರಿಸಿ, ಆಸ್ಪತ್ರೆಗಳಿಗೆ ಹಲವು ಪಟ್ಟು ಬೆಲೆಗೆ ಮಾರುವ ಯೋಜನೆ ಹಾಕಿತು. ಹಣ ಸಿಗುವುದರಿಂದ ಹಾಲೂಡಿಸುವುದಕ್ಕೂ ಪ್ರೋತ್ಸಾಹವಾಗುತ್ತದೆ ಎಂಬುದು ಅವರ ವಾದ. ಕಿಡಾಡಾ ಗ್ರೀನ್ ಮತ್ತು ಸಂಗಡಿಗರು 2015ರ ಜನವರಿಯಲ್ಲಿ ಬಹಿರಂಗ ಪತ್ರ ಬರೆದು, ನಮ್ಮ ಹಾಲನ್ನು ಹಿಂದೆ ಹೇಗೆ ಹೊರಗೆ ಸಾಗಿಸಿದಿರಿ ಎಂಬುದು ನೆನಪಿದೆ, ನಮ್ಮ ಮಕ್ಕಳ ಪಾಡೇನು ಎಂದು ಕೇಳಿದರು. ಕಂಪನಿ ಯೋಜನೆಯನ್ನು ಕೈಬಿಟ್ಟಿತು. ಸಿಲ್ವರ್ ಲೇಕಿನ ಸಭೆಯ ನೆನಪಾಗುವುದಿಲ್ಲವೇ? ಭಾರತದಲ್ಲಿಯೂ ಎದೆಹಾಲನ್ನು ವ್ಯಾಪಾರ ಮಾಡಬಾರದೆಂದು 2024ರ ಮೇ ತಿಂಗಳಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಎಚ್ಚರಿಸಿತು. ದಾನದ ಹಾಲಿನ ಒಳ್ಳೆಯ ಮಾದರಿ ನಮ್ಮ ಮುಂಬಯಿಯಲ್ಲೇ ಇದೆ: 1989ರಲ್ಲಿ ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಸ್ಥಾಪಿಸಿದ ಎದೆಹಾಲಿನ ಬ್ಯಾಂಕು. ಆಕೆ ನಮ್ಮ ಧಾರವಾಡದ ಕಡೆಯವರು.

ಇಷ್ಟೆಲ್ಲ ಮಾಡಿದರೆ ಅಂಕಿ ಬದಲಾಗುತ್ತದೆಯೇ? ಆಗುತ್ತದೆ. ಬಾಸ್ಟನ್ನಿನ ವೈದ್ಯಕೀಯ ಕೇಂದ್ರವೊಂದು 'ರೋಸ್' ಮುಂತಾದ ಸಂಸ್ಥೆಗಳ ಜೊತೆ ಸೇರಿ, ಮಿಸಿಸಿಪಿ, ಲೂಯಿಸಿಯಾನಾ, ಟೆನೆಸಿ, ಟೆಕ್ಸಾಸ್ ರಾಜ್ಯಗಳ 33 ಆಸ್ಪತ್ರೆಗಳಲ್ಲಿ ಆ ಹತ್ತು ಹೆಜ್ಜೆಗಳನ್ನು ಜಾರಿಗೆ ತರಲು ಹೊರಟಿತು. ಎದೆಗೆ ಎದೆ ಹಚ್ಚಿ ಮಲಗಿಸುವುದು, ಒಂದೇ ಕೋಣೆ, ಸಿಬ್ಬಂದಿಗೆ ತರಬೇತಿ, ಊರಿನ ತಾಯಂದಿರ ಗುಂಪುಗಳು. ಹೊಸ ಔಷಧಿಯಿಲ್ಲ, ದುಬಾರಿ ಯಂತ್ರವಿಲ್ಲ. 2014ರಿಂದ 2017ರೊಳಗೆ ಅಲ್ಲಿ ಎದೆಹಾಲಿನ ಆರಂಭ ಕಂಡ ಕಪ್ಪು ಮಕ್ಕಳ ಪಾಲು ಶೇಕಡಾ 46ರಿಂದ 63ಕ್ಕೆ ಏರಿತು. ಕಪ್ಪು-ಬಿಳಿಯರ ನಡುವಣ ಅಂತರ 31 ತಿಂಗಳಲ್ಲಿ 9.6ರಷ್ಟು ಕುಗ್ಗಿತು. ಅದೇ ಊರು, ಅದೇ ಜನ, ಅದೇ ಬಡತನ. ಬದಲಾದದ್ದು ಆಸ್ಪತ್ರೆ. "ಅವರೇ ಹಾಗೆ" ಎನ್ನುವವರ ಮುಂದೆ ಈ ವರದಿಯನ್ನು ಇಡಿ. 2019ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಅಚ್ಚಾಗಿದೆ.

ಒಂದು ಎಚ್ಚರಿಕೆ. ಇದನ್ನೆಲ್ಲ ಓದಿ ಡಬ್ಬಿಹಾಲು ಕೊಡುವ ತಾಯಿಯನ್ನು ಕಂಡು ಮೂಗು ಮುರಿಯಬೇಡಿ. ಹಾಲು ಬಾರದವರಿದ್ದಾರೆ, ಕಾಯಿಲೆಯವರಿದ್ದಾರೆ, ಬೇಡವೆಂದು ತಾವೇ ನಿರ್ಧರಿಸಿದವರಿದ್ದಾರೆ. 2022ರಲ್ಲಿ ಮಿಷಿಗನ್ನಿನ ಒಂದು ಕಾರ್ಖಾನೆ ಮುಚ್ಚಿ ಅಮೆರಿಕದಲ್ಲೆಲ್ಲ ಪುಡಿಹಾಲಿಗೆ ಹಾಹಾಕಾರವೆದ್ದಾಗ ಆ ತಾಯಂದಿರು ಪಟ್ಟ ಪಾಡು ಸಾಮಾನ್ಯವಲ್ಲ. ಆಲರ್ಸ್ ಮತ್ತು ಅವರ ಜೊತೆಯವರು ಕೇಳುತ್ತಿರುವುದು ಆರಿಸಿಕೊಳ್ಳುವ ಅವಕಾಶವನ್ನು. ಆಲರ್ಸ್ ಈಚೆಗೆ 'ಇರ್ಥ್' ಎಂಬ ಆ್ಯಪ್ ಮಾಡಿಸಿದ್ದಾರೆ. ಹೋಟೆಲಿಗೆ ನಾವು ಅಭಿಪ್ರಾಯ ಬರೆಯುವ ಹಾಗೆ ಕಪ್ಪು ತಾಯಂದಿರು ಅಲ್ಲಿ ಆಸ್ಪತ್ರೆಗೆ, ವೈದ್ಯರಿಗೆ ಅಭಿಪ್ರಾಯ ಬರೆಯುತ್ತಾರೆ. ಯಾರು ಕಿವಿಗೊಟ್ಟರು, ಯಾರು ಕೊಡಲಿಲ್ಲ ಎಂಬುದು ಮುಂದಿನ ಬಸುರಿಗೆ ತಿಳಿಯುತ್ತದೆ.

ರೀಡ್ಸ್‌ವಿಲ್‌ನಿಂದ ಸುಮಾರು 25 ಮೈಲಿ ದೂರದಲ್ಲಿ ಗ್ರೀನ್ಸ್‌ಬರೊ ಎಂಬ ನಗರವಿದೆ. 1960ರ ಫೆಬ್ರವರಿ 1ರಂದು ಅಲ್ಲಿನ ಎ ಅಂಡ್ ಟಿ ಕಾಲೇಜಿನ ನಾಲ್ವರು ಕಪ್ಪು ಹುಡುಗರು, ನಿಮ್ಮದೇ ವಯಸ್ಸಿನವರು, ಬಿಳಿಯರಿಗೆ ಮೀಸಲಾಗಿದ್ದ ಊಟದ ಕಟ್ಟೆಯ ಮುಂದೆ ಹೋಗಿ ಕೂತು ಕಾಫಿ ಕೇಳಿದ್ದರು. ಕೊಡಲಿಲ್ಲ; ಅವರು ಏಳಲಿಲ್ಲ. ಆ ಕಾಲೇಜು ಈಗ ವಿಶ್ವವಿದ್ಯಾಲಯವಾಗಿದೆ. ಅಲ್ಲಿ ಈಗ ಸ್ತನ್ಯಪಾನ ಸಲಹೆಗಾರರ ತರಬೇತಿ ನಡೆಯುತ್ತದೆ. ಈ ವೃತ್ತಿಯಲ್ಲಿ ಕಪ್ಪು ಹೆಂಗಸರು ತೀರ ಕಡಿಮೆ, ಏಕೆಂದರೆ ಓದಿನ ಖರ್ಚು ಹೆಚ್ಚು, ಆಸ್ಪತ್ರೆಗಳಲ್ಲಿ ನೂರಾರು ಗಂಟೆಗಳ ಅನುಭವ ಗಳಿಸಲು ಅವಕಾಶ ಕೊಡುವವರು ವಿರಳ. ಅಲ್ಲಿ ಕಲಿತ ಹುಡುಗಿಯರು ಹೆರಿಗೆ ವಾರ್ಡಿಗೆ ಹೋಗಿ, ಕುರ್ಚಿ ಎಳೆದುಕೊಂಡು, ಬಾಣಂತಿಯ ಪಕ್ಕದಲ್ಲಿ ಕೂರುತ್ತಾರೆ.